ಹೊಲದ ಯಜಮಾನರಿಗೆ ಒಂದು ನಮಸ್ಕಾರ



ಚಳಿಗಾಲ ಕಾಲಿಟ್ಟಿತೆಂದರೆ ನಮ್ಮ ಬಳಗದ ಹಲವರಿಗೆ ಭಾನುವಾರ ಬೆಳಗ್ಗೆ ಮನೆಯಲ್ಲಿ ಕೂರಲು ಮನಸ್ಸಾಗುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ, ಕೊರಳಲ್ಲಿ ದುರ್ಬೀನು, ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನ ಮಕ್ಕಳು! ಆರ್.ಕೆ. ಪುರಂನಿಂದ, ಜನಕಪುರಿಯಿಂದ, ಮಯೂರ್ ವಿಹಾರದಿಂದ, ನೋಯ್ಡಾದಿಂದ ಹೊರಟು ಹಕ್ಕಿ ನೋಡಲು ಹೋಗುವವರ ಸಂಖ್ಯೆ ಈಚೆಗೆ ಹೆಚ್ಚಿದೆ. ಸಂತೋಷದ ವಿಷಯವೇ.

ಸುಲ್ತಾನಪುರಕ್ಕೆ ಹೋದರೆ ಬಾಗಿಲಿದೆ, ಟಿಕೆಟ್ಟಿದೆ, ಕಾವಲುಗಾರನಿದ್ದಾನೆ. ಆದರೆ ಗ್ರೇಟರ್ ನೋಯ್ಡಾದ ಆಚೆಯ ಧನೌರಿಗೋ, ಗುರುಗ್ರಾಮದ ಬಸಾಯಿಗೋ, ನಜಫ್‌ಗಢ ಜೀಲಿನ ಅಂಚಿಗೋ ಹೋದವರು ಟಿಕೆಟ್ ಕೊಂಡದ್ದುಂಟೆ? ಅಲ್ಲಿ ಬಾಗಿಲೇ ಇಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಬದುವಿನ ಮೇಲೆ ನಡೆದು, ನೀರಿನ ಅಂಚಿಗೆ ಹೋಗಿ ನಿಲ್ಲುತ್ತೇವೆ. ಬಾಗಿಲಿಲ್ಲದ ಜಾಗ ಯಾರದೂ ಅಲ್ಲವೆಂದು ಪಟ್ಟಣದವರಿಗೆ ಸುಲಭವಾಗಿ ಅನ್ನಿಸಿಬಿಡುತ್ತದೆ. ನಿಜವಾಗಿ ನಾವು ನಿಂತ ಆ ಬದು ಬಹಳ ಸಲ ಒಬ್ಬ ರೈತನದು. ಅವನು ನಮ್ಮನ್ನು ಬಿಟ್ಟುಕೊಂಡಿದ್ದಾನೆ, ಅಷ್ಟೆ. ಈ ಸಲ ಅವನ ವಿಷಯವನ್ನೇ ನಿಮ್ಮ ಮುಂದೆ ಇಡಬೇಕೆನಿಸಿತು.

ನಿಮ್ಮ ಮಕ್ಕಳೋ ಬಂಧುಗಳೋ ಅಮೆರಿಕದಲ್ಲಿದ್ದರೆ ಒಂದು ಮಾತು ಕೇಳಿ ನೋಡಿ. ಅಲ್ಲಿ ಬೇಟೆ ಇಂದಿಗೂ ಕಾನೂನುಬದ್ಧ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ನೆಲದ ಶೇಕಡಾ 90ಕ್ಕೂ ಹೆಚ್ಚು ಪಾಲು ಖಾಸಗಿಯವರದು. ಹಾಗಾಗಿ ಬೇಟೆಗೆ ಹೊರಟವನು ಮೊದಲು ಜಮೀನಿನ ಒಡೆಯನ ಬಾಗಿಲು ತಟ್ಟಬೇಕು. ಹಲವೆಡೆ ಹಣ ಕೊಟ್ಟು ಗುತ್ತಿಗೆಯೇ ಮಾಡಿಕೊಳ್ಳುತ್ತಾರೆ. ಹಣ ಪಡೆಯದೆ ಸುಮ್ಮನೆ ಬಿಡುವ ಒಡೆಯರೂ ಇದ್ದಾರೆ. ಅಂಥವರಿಗೆ ಒಳ್ಳೆಯ ಬೇಟೆಗಾರ ಮಾಂಸದಲ್ಲಿ ಪಾಲು ಕೊಡುತ್ತಾನೆ, ಮುರಿದ ಬೇಲಿಯನ್ನು ರಿಪೇರಿ ಮಾಡಿಕೊಡುತ್ತಾನೆ, ಋತು ಮುಗಿದ ಮೇಲೆ ವಂದನೆಯ ಪತ್ರ ಬರೆಯುತ್ತಾನೆ. ಹಾಗೆ ಮಾಡದವನಿಗೆ ಮುಂದಿನ ವರ್ಷ ಬಾಗಿಲು ತೆರೆಯುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, 1991ರ ತಿದ್ದುಪಡಿಯೊಡನೆ ಮೋಜಿನ ಬೇಟೆಯ ಕಥೆ ಮುಗಿಯಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಆದರೆ ಕೋವಿ ಹಿಡಿದವನಿಗೆ ಇದ್ದ ಆ ಋಣದ ಲೆಕ್ಕ ಕ್ಯಾಮೆರಾ ಹಿಡಿದವನಿಗೂ ಇರಬೇಡವೆ?

ಹಳ್ಳಿಗರ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ, ರಾಜಧಾನಿ ವಲಯಕ್ಕೇ ಸೇರಿರುವ ಭರತಪುರವಿದೆ. ಅದು ಅಲ್ಲಿನ ಮಹಾರಾಜರ ಬಾತುಕೋಳಿ ಬೇಟೆಯ ತಾಣವಾಗಿತ್ತು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅತಿಥಿಯಾಗಿದ್ದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಉರುಳಿದವು. ಈ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ನಿಮ್ಮಲ್ಲಿ ಅನೇಕರು ಅದನ್ನು ಓದಿಯೇ ಇರುತ್ತೀರಿ. ಸುತ್ತಲಿನ ಹಳ್ಳಿಗರ ಹೆಸರು ಆ ಕಲ್ಲಿನಲ್ಲಿಲ್ಲ. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ಎಮ್ಮೆ ದನಗಳನ್ನು ಒಳಗೆ ಮೇಯಿಸುವುದು ನಿಂತಿತು. ಪ್ರತಿಭಟಿಸಿದವರ ಮೇಲೆ ಪೊಲೀಸರು ಗೋಲಿಬಾರು ಮಾಡಿ ಹಳ್ಳಿಗರು ಪ್ರಾಣ ಕಳೆದುಕೊಂಡರು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಮೇಯುವುದು ನಿಂತ ಮೇಲೆ ನೀರಿನಲ್ಲಿ ಹುಲ್ಲು ಎದೆಯೆತ್ತರ ಬೆಳೆಯಿತು. ತೆರೆದ ನೀರು ಬೇಕಾದ ಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಧ್ಯಯನ ನಡೆಸಿ, ಎಮ್ಮೆಗಳು ಮೇಯುತ್ತಿದ್ದುದೇ ಆ ಕೊಳವನ್ನು ಹಕ್ಕಿಗಳಿಗೆ ಅನುಕೂಲವಾಗಿ ಇಟ್ಟಿತ್ತು ಎಂಬ ತೀರ್ಮಾನಕ್ಕೆ ಬಂದರು. ಅಷ್ಟು ವರ್ಷ ಸಂಬಳವಿಲ್ಲದೆ ಉದ್ಯಾನವನ್ನು ಅಚ್ಚುಕಟ್ಟಾಗಿ ಇಟ್ಟವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಈಗ ಧನೌರಿಗೆ ಬನ್ನಿ. ಅಲ್ಲಿಗೆ ನಮ್ಮನ್ನು ಎಳೆಯುವುದು ಸಾರಸ, ಉತ್ತರ ಪ್ರದೇಶದ ರಾಜ್ಯಪಕ್ಷಿ. ಎತ್ತರ ಐದೂವರೆ ಆರು ಅಡಿ. ಹಾರುವ ಹಕ್ಕಿಗಳಲ್ಲೆಲ್ಲ ಇಷ್ಟು ಎತ್ತರದ್ದು ಇನ್ನೊಂದಿಲ್ಲ. ವಾಲ್ಮೀಕಿಯ ಕ್ರೌಂಚ ಇದೇ ಎನ್ನುವವರೂ ಇದ್ದಾರೆ. ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಮಳೆಗಾಲದಲ್ಲಿ ಜೌಗಿನಲ್ಲೋ ಭತ್ತದ ಗದ್ದೆಯ ನಡುವೆಯೋ ಹುಲ್ಲು ಪೈರನ್ನು ಕಿತ್ತು ರಾಶಿ ಹಾಕಿ, ಅದರ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು, ಒಂದು ತಿಂಗಳು ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಗೂಡಿನ ಸುತ್ತ ಅಷ್ಟು ಪೈರು ಹೋಯಿತೆಂದೇ ಲೆಕ್ಕ. ರೈತ ಮನಸ್ಸು ಮಾಡಿದರೆ ಒಂದು ಕೋಲು ಸಾಕು. ಆದರೂ ಗಂಗಾ ಯಮುನೆಯ ಬಯಲಿನಲ್ಲಿ ಸಾರಸ ಉಳಿದಿರುವುದು ಹೆಚ್ಚಾಗಿ ಅಭಯಾರಣ್ಯಗಳಲ್ಲಲ್ಲ, ಇಂಥ ಹೊಲಗದ್ದೆಗಳಲ್ಲಿ. ಇದರ ಶ್ರೇಯಸ್ಸು ಯಾರಿಗೆ ಸೇರಬೇಕೆಂದು ನೀವೇ ಹೇಳಿ.

ಇದರಲ್ಲಿ ನಮ್ಮ ನಾಡಿನ ಉದಾಹರಣೆಯೂ ಉಂಟು, ಅಭಿಮಾನದಿಂದಲೇ ಹೇಳಿಕೊಳ್ಳಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೀವು ಬಲ್ಲಿರಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಗೂಡು ಕಟ್ಟುವುದು ಊರೊಳಗೆ, ಮನೆಗಳ ಹಿತ್ತಿಲ ಹುಣಸೆ ಮರದಲ್ಲಿ, ಅರಳಿ ಮರದಲ್ಲಿ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರ ಭಾವನೆ. ಭಾವನೆ ದೊಡ್ಡದು, ಆದರೆ ಖರ್ಚೂ ಸಣ್ಣದಲ್ಲ. ಹಕ್ಕಿ ಕೂತ ಮರದ ಹುಣಸೆ ಕೈಗೆ ಸಿಗುವುದಿಲ್ಲ. ಅಂಗಳಕ್ಕೆಲ್ಲ ಹಿಕ್ಕೆ, ಮೀನಿನ ವಾಸನೆ. ಹಿಕ್ಕೆಯನ್ನು ಗುಂಡಿಯಲ್ಲಿ ಶೇಖರಿಸಿ ಗೊಬ್ಬರ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಹುಣಸೆಯ ಹಣ ಅದರಿಂದ ಪೂರ್ತಿ ಹುಟ್ಟುವುದಿಲ್ಲ.

1970ರ ದಶಕದಲ್ಲಿ ಇದನ್ನು ಕಂಡ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು, ಗೂಡಿರುವ ಮರದ ಒಡೆಯರಿಗೆ ಸರ್ಕಾರದಿಂದ ಪರಿಹಾರ ಸಿಗುವ ವ್ಯವಸ್ಥೆಗೆ ಕಾರಣರಾದರು. ಮುಂದೆ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರು ಇವರೇ. ಊರಿನ ಯುವಕರು 'ಹೆಜ್ಜಾರ್ಲೆ ಬಳಗ'ದಲ್ಲಿ ಸೇರಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಲು ಬಿಡುವ ಕೆಲಸಕ್ಕೆ ಕೈಹಾಕಿದರು. 2007ರಲ್ಲಿ ಊರು 'ಸಮುದಾಯ ಮೀಸಲು' ಎಂದು ಘೋಷಿತವಾಯಿತು. ಅಂದರೆ ನೆಲ ಮರ ಊರಿನವರದೇ, ಕಾಪಾಡುವ ಹೊಣೆಯಲ್ಲೂ ಅವರ ಪಾಲು. ಪರಿಹಾರದ ಮೊತ್ತ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಬೇರೆ. ಮುಖ್ಯವಾದದ್ದು, 'ನಿಮ್ಮ ಮರದಿಂದ ನಮಗೆಲ್ಲ ಉಪಕಾರವಾಗಿದೆ' ಎಂದು ಒಬ್ಬ ಅಧಿಕಾರಿ ಮರದ ಒಡೆಯನಿಗೆ ಕಾಗದದ ಮೇಲೆ ಒಪ್ಪಿಕೊಂಡದ್ದು.

ನಾವು ಸರ್ಕಾರವಲ್ಲ, ಪರಿಹಾರ ಕೊಡಲಾರೆವು. ಆದರೆ ಕೈಲಾಗುವ ಕೆಲಸಗಳು ಬಹಳ ಇವೆ.

ಮೊದಲನೆಯದು, ಕೇಳುವುದು. ಹೊಲದಲ್ಲಿ ಯಾರಾದರೂ ಕಂಡರೆ ಮೊದಲು ಅವರ ಬಳಿಗೆ ಹೋಗಿ. 'ರಾಮ್ ರಾಮ್ ತಾವೂಜಿ' ಎಂದು ಶುರು ಮಾಡಿದರೆ ಅರ್ಧ ಕೆಲಸ ಆದಂತೆ. ನಾವು ಯಾರು, ಏನು ನೋಡಲು ಬಂದೆವು, ಎಷ್ಟು ಹೊತ್ತು ಇರುತ್ತೇವೆ, ಇಷ್ಟು ಹೇಳಿ. ಬೇಡವೆಂದರೆ ವಾದಿಸದೆ ಹಿಂದಿರುಗಿ. ಬೇಡವೆನ್ನುವ ಹಕ್ಕು ಅವರದು. ಹೊಲದಲ್ಲಿ ಸಿಕ್ಕವರೇ ಒಡೆಯರೆಂದೂ ತಿಳಿಯಬೇಡಿ. ಈ ಕಡೆ 'ಬಟಾಯಿ', ಎಂದರೆ ನಮ್ಮ ಕಡೆಯ ವಾರದ ಸಾಗುವಳಿ, ಹೆಚ್ಚು. ಹಕ್ಕಿಯಿಂದಾದ ನಷ್ಟ ಮೊದಲು ತಾಗುವುದು ವಾರಕ್ಕೆ ಮಾಡುವವನ ಹೊಟ್ಟೆಗೆ. ನಮಸ್ಕಾರ ಇಬ್ಬರಿಗೂ ಸಲ್ಲಲಿ.

ಎರಡನೆಯದು, ನಷ್ಟ ಮಾಡದಿರುವುದು. ನವೆಂಬರಿನಲ್ಲಿ ಬಿತ್ತಿದ ಗೋಧಿ ಮೊದಲು ಹುಲ್ಲಿನಂತೆಯೇ ಕಾಣುತ್ತದೆ. ಮಕ್ಕಳು ಅದರ ಮೇಲೆ ಓಡದಂತೆ ನೋಡಿಕೊಳ್ಳಿ. ಜನವರಿಯಲ್ಲಿ ಸಾಸಿವೆ ಹೂ ಬಿಟ್ಟಾಗ ಫೋಟೋಕ್ಕೆಂದು ನಡುವೆ ನುಗ್ಗುವುದು ಬೇಡ. ಕಾರು ಟ್ರ್ಯಾಕ್ಟರಿಗೆ ಅಡ್ಡವಾಗದಿರಲಿ. ಚಿತ್ರಾನ್ನದ ತಟ್ಟೆ, ನೀರಿನ ಬಾಟಲಿ ನಮ್ಮ ಜೊತೆಗೇ ಹಿಂದಿರುಗಲಿ.

ಮೂರನೆಯದು, ಏನಾದರೂ ಹಿಂದಕ್ಕೆ ಕೊಡುವುದು. ಕೈಗೆ ನೋಟು ತುರುಕುವುದು ಚೆನ್ನಾಗಿರುವುದಿಲ್ಲ. ಅದು ಉಪಕಾರವನ್ನು ಕೂಲಿಯಾಗಿ ಮಾಡಿಬಿಡುತ್ತದೆ. ಅವರು ಮಾರುವ ಮೂಲಂಗಿಯನ್ನೋ ಸಾಸಿವೆ ಎಣ್ಣೆಯನ್ನೋ ಚೌಕಾಸಿ ಮಾಡದೆ ಕೊಳ್ಳಿ. ಮುಂದಿನ ಸಲ ಹೋಗುವಾಗ ಮನೆಯಲ್ಲಿ ಮಾಡಿದ ಕೋಡುಬಳೆಯೋ ಮೈಸೂರು ಪಾಕೋ ಒಂದು ಡಬ್ಬಿ ಇರಲಿ. ಎಲ್ಲಕ್ಕಿಂತ ಒಳ್ಳೆಯದು, ಅವರ ಹೊಲದಲ್ಲಿ ತೆಗೆದ ಸಾರಸದ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ಅವರಿಗೇ ಕೊಡುವುದು. ಚಿತ್ರ ನಮ್ಮ ಮೊಬೈಲಿನಲ್ಲಿ ನೂರರಲ್ಲಿ ಒಂದಾಗಿ ಕಳೆದುಹೋಗುತ್ತದೆ. ಅವರ ಮನೆಯ ಗೋಡೆಯ ಮೇಲಾದರೆ ಬಂದವರೆಲ್ಲ 'ಇದು ನಿಮ್ಮ ಹೊಲದ್ದೇ?' ಎಂದು ಕೇಳುತ್ತಾರೆ. ಅವರ ಮಕ್ಕಳ ಕಣ್ಣಿಗೆ ನಮ್ಮ ದುರ್ಬೀನನ್ನು ಐದು ನಿಮಿಷ ಕೊಡುವುದಕ್ಕೆ ಖರ್ಚೇನೂ ಇಲ್ಲ.

ಇದೆಲ್ಲ ಬರೀ ಶಿಷ್ಟಾಚಾರದ ಮಾತೆಂದು ತಿಳಿಯಬೇಡಿ. ರಾಜಧಾನಿಯ ಸುತ್ತ ನೆಲದ ಬೆಲೆ ಏನಾಗಿದೆ ಎಂಬುದು ಫ್ಲಾಟ್ ಕೊಂಡ ನಿಮಗೆಲ್ಲ ಗೊತ್ತು. ಜೌಗಿರುವ ಹೊಲಕ್ಕೆ ಮಣ್ಣು ತುಂಬಿಸಿ ಸೈಟು ಮಾಡಿ ಮಾರುವುದು ರೈತನಿಗೆ ಸುಲಭದ ದಾರಿ. ಹಾಗೆ ಮಾಡಿದರೆ ಅವನನ್ನು ದೂರುವ ಹಕ್ಕೂ ನಮಗಿಲ್ಲ. ನಮ್ಮ ಒಂದು ಡಬ್ಬಿ ಮೈಸೂರು ಪಾಕು ಆ ಬೆಲೆಗೆ ಸಮವಾಗದು. ಆದರೆ ಮಾರುವುದೋ ಇಟ್ಟುಕೊಳ್ಳುವುದೋ ಎಂದು ಮನೆಯವರು ಕೂತು ಮಾತಾಡುವ ದಿನ, ಈ ನೀರಿನಲ್ಲಿ ನಿಂತ ಹಕ್ಕಿಗೆ ಬೆಲೆ ಉಂಟು, ಅದನ್ನು ಸಾಕಿದವರಿಗೆ ಮರ್ಯಾದೆ ಉಂಟು ಎಂಬ ಮಾತು ಯಾರ ಬಾಯಿಂದಲಾದರೂ ಬರಬೇಕಾದರೆ, ಅದನ್ನು ಅವರು ಮೊದಲು ನಮ್ಮಿಂದ ಕೇಳಿರಬೇಕು. ಕೇಳಿಸಿಕೊಳ್ಳದ ಮಾತನ್ನು ಯಾರು ತಾನೆ ಆಡಿಯಾರು?

ಈ ಚಳಿಗಾಲ ಹೊರಡುವಾಗ ಕಾಫಿ ಫ್ಲಾಸ್ಕಿನ ಜೊತೆಗೆ ಎರಡು ಲೋಟ ಹೆಚ್ಚಿಗೆ ಇಟ್ಟುಕೊಳ್ಳಿ. ಹೊಲದ ಯಜಮಾನರಿಗೆ ಫಿಲ್ಟರ್ ಕಾಫಿಯ ರುಚಿ ಹತ್ತಿದರೆ ಅದೂ ಕನ್ನಡದ ಸೇವೆಯೇ! ನಿಮಗೆ ಹೀಗೆ ಪರಿಚಯವಾದ ರೈತರ ವಿಷಯವಿದ್ದರೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.