ಇಷ್ಟು ಮನೆಗಳಿಗೆ ಕೆರೆ ಯಾವುದು?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕಳೆದ ವರ್ಷ ನಮ್ಮ ತಾತನವರು ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿಗೆ ಬಂದಿದ್ದರು. ಕೋಲಾರ ಜಿಲ್ಲೆಯ ಒಂದು ಚಿಕ್ಕ ಹಳ್ಳಿಯಲ್ಲಿ ಅವರು ಬಹುಕಾಲ ನೀರುಗಂಟಿಯಾಗಿದ್ದವರು. ಬಸ್ಸಿನ ಕಿಟಕಿಯಿಂದ, ರಸ್ತೆಯ ಇಕ್ಕೆಲಗಳಲ್ಲಿ ಎದ್ದುನಿಂತ ಮಹಡಿಗಳನ್ನು ಬಹಳ ಹೊತ್ತು ನೋಡಿ, "ಇಷ್ಟೊಂದು ಮನೆ ಕಟ್ಟವ್ರಲ್ಲಪ್ಪಾ, ಇವುಕ್ಕೆಲ್ಲಾ ಕೆರೆ ಯಾವ್ದು?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. "ಕಾವೇರಿ ನೀರು ಬರ್ತದೆ ತಾತ" ಎಂದೆ. "ಕಾವೇರಿ ಇಲ್ಲೆಲ್ಲವ್ಳೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಂದು ಹೇಳಲಾರದ ಉತ್ತರವನ್ನು ಈ ಲೇಖನದಲ್ಲಿ ಹುಡುಕಲು ಯತ್ನಿಸಿದ್ದೇನೆ. ನಾನು ಇಂಜಿನಿಯರನಲ್ಲ, ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ತಪ್ಪಿದ್ದರೆ ಗುರುಗಳು ತಿದ್ದಬೇಕು.

ನೀರುಗಂಟಿಯ ಕೆಲಸವೇನೆಂಬುದನ್ನು ನಗರದ ಮಿತ್ರರಿಗೆ ಮೊದಲು ಹೇಳಬೇಕು. ಕೆರೆಯ ತೂಬನ್ನು ಎತ್ತುವವನು, ಇಳಿಸುವವನು ಅವನೇ. ಮಳೆಗಾಲ ಮುಗಿದ ಮೇಲೆ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ ಅವನು ಊರಿನವರಿಗೆ ತಿಳಿಸುತ್ತಿದ್ದನು. ನೀರು ಕಡಿಮೆಯಾಗಿದ್ದರೆ, ಈ ವರ್ಷ ಅಚ್ಚುಕಟ್ಟಿನ ಅರ್ಧಕ್ಕೆ ಮಾತ್ರ ಬತ್ತ, ಉಳಿದುದಕ್ಕೆ ರಾಗಿ ಎಂದು ಊರವರು ಕುಳಿತು ತೀರ್ಮಾನಿಸುತ್ತಿದ್ದರು. ಮೊದಲು ನೀರಿನ ಲೆಕ್ಕ, ಆಮೇಲೆ ಬಿತ್ತನೆ. ಅಕ್ಷರ ಬಾರದ ಜನರು ನಡೆಸಿದ ಈ ಕ್ರಮಕ್ಕೆ ಇಂದಿನ ಮಾತಿನಲ್ಲಿ ಯೋಜನೆ ಎಂದು ಹೆಸರು. ನಮ್ಮ ಮಹಾನಗರಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಇಲ್ಲಿ ಮೊದಲು ಬಡಾವಣೆ, ಅನಂತರ ರಸ್ತೆ, ಆಮೇಲೆ ಮನೆ; ಎಲ್ಲವೂ ಮುಗಿದ ಮೇಲೆ ನೀರಿನ ಹುಡುಕಾಟ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ.

ಬೆಂಗಳೂರು ಆರಂಭದಲ್ಲಿ ಹೀಗಿರಲಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ಊರಿಗೆ ದೊಡ್ಡ ನದಿಯ ದಡವಿಲ್ಲ. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರಿದರೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಆದುದರಿಂದಲೇ ಹಿಂದಿನವರು ಕಣಿವೆಯುದ್ದಕ್ಕೂ ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು. ಇಂದು ಆ ಕೆರೆಗಳು ಎಲ್ಲಿ? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಊರಿನಿಂದ ಬಂದಿಳಿದ ನಾವೆಲ್ಲರೂ ಮೊದಲು ಕಾಲಿಟ್ಟದ್ದು ಒಂದು ಕೆರೆಯೊಳಗೆ! ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗೃಹಗಳಾದವು.

ಹತ್ತಿರದ ಕೆರೆ ಹೋದಂತೆಲ್ಲ ನಗರವು ದೂರಕ್ಕೆ ಕೈಚಾಚಿತು. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಇಂದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಪಂಪುಗಳು ಎತ್ತಿ ತರುತ್ತಿವೆ. ನಾಲ್ಕನೆಯ ಹಂತದವರೆಗೆ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದಿಂದ ಇನ್ನೂ 77.5 ಕೋಟಿ ಲೀಟರಿನ ಅವಕಾಶ. ಇದು ಸಾಮಾನ್ಯ ಸಾಧನೆಯಲ್ಲ, ದುಡಿದವರಿಗೆ ವಂದನೆಗಳು. ಆದರೆ ಕಾವೇರಿಗೂ ಮಿತಿಯುಂಟು. 2018ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿ.ಎಂ.ಸಿ. ಊರು ಬೆಳೆದಷ್ಟೂ ನದಿ ಬೆಳೆಯುವುದಿಲ್ಲ.

ಈ ಅವ್ಯವಸ್ಥೆಯ ಎರಡು ಮುಖಗಳನ್ನೂ ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಸುತ್ತಮುತ್ತ ಜಲಾವೃತವಾಗಿ, ಜನರು ಟ್ರ್ಯಾಕ್ಟರುಗಳಲ್ಲಿ ಕಛೇರಿಗೆ ಹೋದರು. ಅದೇ ದಿನಗಳಲ್ಲಿ ತೊರೆಕಾಡನಹಳ್ಳಿಯ ಪಂಪುಗೃಹಕ್ಕೆ ನೀರು ನುಗ್ಗಿ, ನಗರದ ಅನೇಕ ಭಾಗಗಳಲ್ಲಿ ನಲ್ಲಿಗಳು ನಿಂತವು. ಬಾಗಿಲಲ್ಲಿ ಪ್ರವಾಹ, ಅಡಿಗೆಮನೆಯಲ್ಲಿ ಬರ! ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಿಗೆಯಲ್ಲಿ, ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಬೇಕಾಯಿತು.

ಇಲ್ಲಿ ನನ್ನದೊಂದು ಮಾತನ್ನು ಮುಚ್ಚಿಡಬಾರದು. ನೀರುಗಂಟಿಯ ಮಗನಾದ ನಮ್ಮ ತಂದೆಯವರು ಊರಿನ ಕೆರೆ ಬತ್ತಿದ ಮೇಲೆ ಬೆಂಗಳೂರಿಗೆ ಬಂದು ನೀರಿನ ಟ್ಯಾಂಕರ್ ಓಡಿಸುತ್ತಿದ್ದಾರೆ. ಆ ಬೇಸಿಗೆಯಲ್ಲಿ ಅವರು ರಾತ್ರಿ ಎರಡು ಗಂಟೆಯವರೆಗೂ ದುಡಿದರು. ನನ್ನ ಪರೀಕ್ಷೆಯ ಶುಲ್ಕ, ಪುಸ್ತಕ, ತಂಗಿಯ ಸಮವಸ್ತ್ರ ಎಲ್ಲವೂ ಬಂದದ್ದು ಪರರ ಬಾಯಾರಿಕೆಯಿಂದಲೇ. ಒಂದು ರಾತ್ರಿ ನಾನೂ ಅವರ ಜೊತೆ ಹೋಗಿದ್ದೆ. ನೀರು ತುಂಬಿಸಿಕೊಂಡ ಕೊಳವೆಬಾವಿಯ ಪಕ್ಕದ ಓಣಿಯಲ್ಲಿಯೇ ಹೆಂಗಸರು ಖಾಲಿ ಬಿಂದಿಗೆಗಳನ್ನು ಸಾಲಿಟ್ಟು ಕಾಯುತ್ತಿದ್ದರು. ನಮ್ಮ ಟ್ಯಾಂಕರ್ ಅವರನ್ನು ದಾಟಿಕೊಂಡು, ದುಡ್ಡು ಕೊಟ್ಟವರ ಮಹಡಿಮನೆಗಳಿಗೆ ಹೋಯಿತು. ತಂದೆಯವರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಯೋಜನೆಯಿಲ್ಲದ ಕಡೆ ನೀರು ತಗ್ಗಿಗೆ ಹರಿಯದೆ ಹಣವಿದ್ದ ಕಡೆಗೆ ಹರಿಯುತ್ತದೆಂಬುದನ್ನು ನಾನು ಕಲಿತದ್ದು ಆ ರಾತ್ರಿ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನಗರದ ನಕ್ಷೆಯನ್ನು ರಸ್ತೆಯಿಂದ ಆರಂಭಿಸದೆ ಕಣಿವೆಯಿಂದ ಆರಂಭಿಸಬೇಕು. ಕೆರೆ, ಕೋಡಿ, ರಾಜಕಾಲುವೆಗಳನ್ನು ಗುರುತಿಸಿ, ಉಳಿದ ನೆಲದಲ್ಲಿ ಮನೆಗಳಿಗೆ ಜಾಗ ಕೊಡಬೇಕು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದರು. ಆದರೆ ಮಳೆಯ ನೀರಿಗೆ ಪಾಲಿಕೆಯ ಗಡಿ ತಿಳಿಯದು. ಒಂದು ಪಾಲಿಕೆ ಮುಚ್ಚಿದ ಕಾಲುವೆಯ ನೀರು ಇನ್ನೊಂದರ ಬೀದಿಗೆ ನುಗ್ಗುತ್ತದೆ. ಕುಡಿಯುವ ನೀರು, ಮಳೆನೀರು, ಕೊಳಚೆನೀರು ಇವುಗಳ ಲೆಕ್ಕ ಬೇರೆ ಬೇರೆ ಮೇಜುಗಳ ಮೇಲಿರದೆ, ಕಣಿವೆಗೊಂದರಂತೆ ಒಂದೇ ಪುಸ್ತಕದಲ್ಲಿರಬೇಕು.

ಎರಡನೆಯದಾಗಿ, ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸದ ಬಡಾವಣೆಗೆ ಒಪ್ಪಿಗೆ ಕೊಡಬಾರದು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 30-40 ಅಡಿಯ ನಿವೇಶನವೊಂದರ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಹೆಚ್ಚು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು ಎರಡು ಲಕ್ಷ ಲೀಟರ್. ಎಲ್ಲವನ್ನೂ ಹಿಡಿಯಲಾಗದಿದ್ದರೂ, ಮೂರನೆಯ ಒಂದು ಪಾಲು ಹಿಡಿದರೆ ಕಡಿಮೆಯೇ? ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಾನೂನು ಕಡ್ಡಾಯ ಮಾಡಿದೆ. ಆದರೆ ಎಷ್ಟೋ ಮನೆಗಳಲ್ಲಿ ಕೊಳಾಯಿ ಗೋಡೆಯ ಮೇಲಿದೆ, ನೀರು ಮಾತ್ರ ಚರಂಡಿಗೆ ಹೋಗುತ್ತಿದೆ.

ಮೂರನೆಯದು ನಮ್ಮೂರಿಗೆ ಸಂಬಂಧಿಸಿದ ಮಾತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆಯಲ್ಲಿ ನೀರು ಕಂಡಾಗ ನಮ್ಮ ತಾತ ಏರಿಯ ಮೇಲೆ ನಿಂತು ಕೈಮುಗಿದರು. ಆ ದೃಶ್ಯವನ್ನು ನಾನು ಹೇಗೆ ಅಲ್ಲಗಳೆಯಲಿ? ಆದರೆ ಆ ನೀರು ಎರಡು ಹಂತಗಳಲ್ಲಿ ಶುದ್ಧಿಯಾದುದು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ನಮ್ಮ ಜಿಲ್ಲೆಯ ಜನರು ಕೇಳುತ್ತಲೇ ಬಂದಿದ್ದಾರೆ. ಈ ಬೇಡಿಕೆ ನ್ಯಾಯವಾದುದು. ತಾನು ಮುಟ್ಟಲೊಲ್ಲದ ನೀರನ್ನು ನಗರವು ನೆರೆಯವನಿಗೆ ದಾನವೆಂದು ಕೊಡಬಾರದು.

ಬೆಳೆಯುವ ನಗರಕ್ಕೆ ಅಡ್ಡಿ ಮಾಡಿದರೆ ಬಡವರ ಅನ್ನಕ್ಕೇ ಕಲ್ಲು ಬೀಳುತ್ತದೆ ಎಂದು ಕೆಲವರು ಹೇಳುವುದುಂಟು. ಈ ನಗರದ ಅನ್ನವನ್ನೇ ಉಂಡು ಓದಿದ ನಾನು ಆ ಮಾತನ್ನು ಹಗುರವಾಗಿ ಕಾಣಲಾರೆ. ರಾಜಕಾಲುವೆ ತೆರವು ಎಂದಾಗ ಮೊದಲು ಬೀಳುವುದು ಗುಡಿಸಲು, ಕೊನೆಗೆ ಉಳಿಯುವುದು ಬಂಗಲೆ ಎಂಬ ಭಯವೂ ಸುಳ್ಳಲ್ಲ. ಆದರೆ ನೀರುಗಂಟಿ ಎಂದೂ ಬೇಸಾಯವನ್ನು ನಿಲ್ಲಿಸಿದವನಲ್ಲ, ಅಳತೆ ಹೇಳಿದವನು. ಅಳತೆ ಹೇಳಿದ್ದರಿಂದಲೇ ತೂಬಿನ ಹತ್ತಿರದ ದೊಡ್ಡ ಹೊಲಕ್ಕೂ ಕಾಲುವೆಯ ತುದಿಯ ಚಿಕ್ಕ ತುಂಡಿಗೂ ನೀರು ಮುಟ್ಟುತ್ತಿತ್ತು. ಅಳತೆಯಿಲ್ಲದ ಕಡೆ ಮೊದಲು ಒಣಗುವುದು ತುದಿಯವನ ಪೈರು.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಸರ್ಕಾರದ ಪರೀಕ್ಷೆಗಳಿಗೆ ಕೂರುವವರು. ಯಾರೋ ಒಬ್ಬರು ಗುಮಾಸ್ತರಾಗಿಯೋ ತಹಸೀಲ್ದಾರರಾಗಿಯೋ ಒಂದು ಬಡಾವಣೆಯ ಕಡತದ ಮುಂದೆ ಕುಳಿತಾರು. ರುಜು ಹಾಕುವ ಮುನ್ನ, ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಮುದುಕನು ಕೇಳಿದ ಪ್ರಶ್ನೆಯನ್ನು ಅವರು ಒಮ್ಮೆ ಕೇಳಿಕೊಳ್ಳಲಿ: ಈ ಮನೆಗಳಿಗೆಲ್ಲ ಕೆರೆ ಯಾವುದು?