ಹಳೆಯ ರಸಾಯನ, ಹೊಸ ಪ್ರಿಂಟರ್: ಸ್ಟುಡಿಯೋಗಳಿಗೊಂದು ಲೆಕ್ಕಾಚಾರ

ಮೊಬೈಲ್ ಕ್ಯಾಮೆರಾ ಬಂದ ಮೇಲೆ ಸಣ್ಣ ಪಟ್ಟಣಗಳ ಛಾಯಾಚಿತ್ರ ಸ್ಟುಡಿಯೋಗಳ ಆದಾಯ ಕುಗ್ಗಿರುವುದು ಲೆಕ್ಕಪತ್ರ ನೋಡುವ ನನ್ನಂಥವರಿಗೆ ತಿಳಿದ ಸಂಗತಿ. ದರ ಇಳಿಸುವ ಪೈಪೋಟಿಯಿಂದ ಈ ಉದ್ಯಮ ಉಳಿಯಲಾರದು. ಯಂತ್ರವೊಂದರಿಂದಲೇ ದೊರೆಯದ ವಸ್ತುವನ್ನು ಮಾರಬೇಕು.

ಸಯನೋಟೈಪ್ ಅಂಥದೊಂದು ಮಾರ್ಗ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನವಿದು. ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಗೂ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳ ಮಿಶ್ರಣವನ್ನು ಕಾಗದಕ್ಕೆ ಲೇಪಿಸಿ, ಮೇಲೆ ನೆಗೆಟಿವ್ ಇರಿಸಿ, ಬಿಸಿಲಿಗೊಡ್ಡಿ ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುತ್ತದೆ. ಚಿತ್ರವು ನೆಗೆಟಿವ್‌ನಷ್ಟೇ ಗಾತ್ರದ್ದಾಗುವುದರಿಂದ ಹಿಂದೆ ದೊಡ್ಡ ನೆಗೆಟಿವ್ ಅನಿವಾರ್ಯವಾಗಿತ್ತು. ಇಂದು ಇಂಕ್‌ಜೆಟ್ ಪ್ರಿಂಟರ್ ಅದನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಡುತ್ತದೆ.

ಆದರೆ ಕಾಗದ, ರಾಸಾಯನಿಕಗಳ ಬೆಲೆಯಷ್ಟೇ ವೆಚ್ಚವಲ್ಲ. ಲೇಪನದ ಶ್ರಮ, ಒಣಗುವ ಸಮಯ, ಕೆಟ್ಟ ಪ್ರತಿಗಳೂ ಸೇರಬೇಕು. ಹತ್ತರಲ್ಲಿ ಎರಡು ಹಾಳಾದರೆ ಹತ್ತರ ಖರ್ಚನ್ನೂ ಉಳಿದ ಎಂಟೇ ಹೊರಬೇಕು. ಇದನ್ನು ಮರೆತು ಸಾಮಾನ್ಯ ಪ್ರಿಂಟಿನ ದರ ಹೇಳಿದವರಿಗೆ ನಷ್ಟ ಖಂಡಿತ. ಅಂತೆಯೇ, ಕಂಪ್ಯೂಟರಿನಲ್ಲಿ ನೀಲಿ ಬಣ್ಣ ತುಂಬಿ ಮುದ್ರಿಸಿದ್ದನ್ನು ಸಯನೋಟೈಪ್ ಎಂದು ಮಾರಿದರೆ ಗ್ರಾಹಕರ ವಿಶ್ವಾಸವೇ ನಾಶವಾದೀತು.

ಸ್ಟುಡಿಯೋ ಮಾಲೀಕರು ಹೊಸ ಯಂತ್ರಕ್ಕಾಗಿ ಸಾಲ ಮಾಡದೆ, ಇರುವ ಪ್ರಿಂಟರಿನಲ್ಲೇ ಸಣ್ಣದಾಗಿ ಆರಂಭಿಸಿ, ಪ್ರತ್ಯೇಕ ಲೆಕ್ಕವಿಡಲಿ. ಮುಂದುವರಿಯಬೇಕೇ ಬೇಡವೇ ಎಂಬುದನ್ನು ಆ ಲೆಕ್ಕವೇ ತಿಳಿಸುತ್ತದೆ.