ದವಾಖಾನೆಯ ಒಡೆಯರಾರು?

ದೊಡ್ಡ ಸಂಸ್ಥೆಯು ಬಂದರೆ ದೊಡ್ಡ ಚಿಕಿತ್ಸೆಯೂ ಬರುವದೆಂಬ ನಂಬಿಗೆಯು ಈಚೆಗೆ ನಮ್ಮ ಕಲಬುರಗಿ ಜಿಲ್ಲೆಯ ಸುಶಿಕ್ಷಿತರಲ್ಲಿ ಬಲವಾಗಿ ಬೇರೂರಿದೆ. ಹೃದಯದ, ಮೂತ್ರಪಿಂಡದ, ಕ್ಯಾನ್ಸರ್ ರೋಗದ ತಜ್ಞರು ತಂತಮ್ಮ ಚಿಕ್ಕ ದವಾಖಾನೆಗಳನ್ನು ಅಖಿಲ ಭಾರತ ವ್ಯಾಪ್ತಿಯ ಸಂಸ್ಥೆಯೊಂದರಲ್ಲಿ ವಿಲೀನಗೊಳಿಸಿ ಅದರ ಭಾಗೀದಾರರಾದರೆ ರೋಗಿಯ ಕಷ್ಟಗಳೆಲ್ಲ ತೀರಿದಂತೆಯೇ ಎಂದು ಹಲವರು ಹೇಳುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಪೂರ್ಣ ಸುಳ್ಳಿಗಿಂತ ಅರ್ಧ ಸತ್ಯವೇ ಜನರನ್ನು ಹೆಚ್ಚು ದಿಕ್ಕು ತಪ್ಪಿಸುವದು. ಯಂತ್ರವು ಹೊರಗಿನಿಂದ ಬರಲಿ, ಹಣವೂ ಬರಲಿ. ಹೊಣೆ ಮಾತ್ರ ಊರಲ್ಲಿಯೇ ಉಳಿಯಬೇಕೆಂಬದೇ ನಮ್ಮ ವಾದ.

ಮೊದಲು ವಿಲೀನವಾದಿಗಳ ಪಕ್ಷದಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳೋಣ. ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಕೊಡುವ ಯಂತ್ರಕ್ಕೆ ಕೋಟಿಗಟ್ಟಲೆ ಹಣ ಬೇಕು. ಒಬ್ಬ ವೈದ್ಯನ ಗಳಿಕೆಯಿಂದ ಅದು ಆಗತಕ್ಕದ್ದಲ್ಲ. ಈ ಚಿಕಿತ್ಸೆಯನ್ನು ವಾರಕ್ಕೆ ಐದು ದಿನದಂತೆ ಹಲವು ವಾರ ಪಡೆಯಬೇಕಾಗುವದುಂಟು. ಶಹಾಬಾದದ ಕಲ್ಲುಗಣಿಯ ಕೂಲಿಕಾರನಾಗಲಿ, ಚಿಂಚೋಳಿಯ ತೊಗರಿ ಬೆಳೆಯುವ ರೈತನಾಗಲಿ ಅದಕ್ಕಾಗಿ ಹೈದರಾಬಾದಿನಲ್ಲಿಯೋ ಸೊಲ್ಲಾಪುರದಲ್ಲಿಯೋ ಕೋಣೆ ಹಿಡಿದು ಕೂಡ್ರುವದೆಂದರೆ ಮನೆಯ ಒಲೆ ಆರಿದಂತೆಯೇ ಸರಿ. 1989ರಲ್ಲಿ ಬೆಂಗಳೂರಿನಲ್ಲಿ ಕೆಲವು ವೈದ್ಯರು ಕೂಡಿ ತೆಗೆದ ಕ್ಯಾನ್ಸರ್ ದವಾಖಾನೆಯೇ ಮುಂದೆ ಎಚ್.ಸಿ.ಜಿ. ಸಂಸ್ಥೆಯಾಗಿ, ಊರೂರಿನ ತಜ್ಞರನ್ನು ಜೊತೆಗೂಡಿಸಿಕೊಂಡು ಬೆಳೆಯಿತು. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಇದರಿಂದ ರೋಗಿಗಳ ದಾರಿ ಹತ್ತಿರವಾಯಿತೆಂಬದನ್ನು ಅಲ್ಲಗಳೆಯುವದು ಹಟವಾದೀತು.

ಆದರೆ ಅದೇ ಸಂಸ್ಥೆಯ ಮುಂದಿನ ಚರಿತ್ರೆಯನ್ನೂ ವಾಚಕರು ಗಮನಿಸಬೇಕು. 2016ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. 2020ರಲ್ಲಿ ಅದರ ಹಿಡಿತವು ಯುರೋಪಿನ ಸಿ.ವಿ.ಸಿ. ಎಂಬ ಬಂಡವಾಳ ಸಂಸ್ಥೆಗೆ ಹೋಯಿತು. 2025ರಲ್ಲಿ ಅಮೇರಿಕೆಯ ಕೆ.ಕೆ.ಆರ್. ಸಂಸ್ಥೆಗೆ ಹೋಯಿತು. ಇದರಲ್ಲಿ ಕಾಯದೆಗೆ ವಿರುದ್ಧವಾದುದೇನೂ ಇಲ್ಲ. ಆದರೆ ಕ್ಯಾನ್ಸರಿನಿಂದ ಬದುಕಿಕೊಂಡವರನ್ನು ಸಾಮಾನ್ಯವಾಗಿ ಐದು ವರ್ಷಗಳವರೆಗಾದರೂ ಎಡೆಬಿಡದೆ ಪರೀಕ್ಷಿಸುತ್ತಿರುವದು ವೈದ್ಯರ ಪದ್ಧತಿ. ಒಬ್ಬ ರೋಗಿಯನ್ನು ಕಾಯಬೇಕಾದಷ್ಟು ಕಾಲದಲ್ಲಿ ದವಾಖಾನೆಯ ಒಡೆತನವೇ ಎರಡು ಸಲ ಕೈ ಬದಲಾಯಿಸಿತು! ನಾಳೆ ದರದ ಬಗೆಗಾಗಲಿ ದುರ್ಲಕ್ಷ್ಯದ ಬಗೆಗಾಗಲಿ ದೂರು ಹುಟ್ಟಿದರೆ ಇಂಥ ಯಾವ ದವಾಖಾನೆಯಲ್ಲಿಯೇ ಆಗಲಿ ಉತ್ತರ ಕೊಡುವವರಾರು? ಊರಿನ ವೈದ್ಯನೆ, ಬೆಂಗಳೂರಿನ ಕಚೇರಿಯೆ, ಕಡಲಾಚೆಯ ಬಂಡವಾಳಗಾರರೆ?

ಒಡೆಯ ಯಾರಾದರೇನು, ವೈದ್ಯನು ಅವನೇ ಅಲ್ಲವೆ? ಎಂದು ಕೆಲವರು ಕೇಳಬಹುದು. ವಿಲೀನವೆಂಬದು ನಮ್ಮ ಸೀಮೆಗೆ ಹೊಸದಲ್ಲ. ಶಹಾಬಾದ ಸಿಮೆಂಟ್ ಕಂಪನಿಯು 1936ರಲ್ಲಿಯೇ ಎ.ಸಿ.ಸಿ.ಯಲ್ಲಿ ಸೇರಿಹೋಯಿತು. ಆ ಎ.ಸಿ.ಸಿ.ಯು ವಾಡಿಯ ಕಾರ್ಖಾನೆಯೊಡನೆ 2022ರಲ್ಲಿ ಅದಾನಿಯವರ ಕೈಸೇರಿತು. ಸೇಡಮಿನ ವಾಸವದತ್ತಾ ಸಿಮೆಂಟು 2025ರಲ್ಲಿ ಅಲ್ಟ್ರಾಟೆಕ್ಕಿನದಾಯಿತು. ಆದರೆ ಸಿಮೆಂಟಿಗೂ ಚಿಕಿತ್ಸೆಗೂ ದೊಡ್ಡ ಅಂತರವುಂಟು. ಮನೆಗೆ ಎಷ್ಟು ಚೀಲ ಬೇಕೆಂಬದನ್ನು ಕಟ್ಟುವವನು ಹೇಳುತ್ತಾನೆ, ಮಾರುವವನಲ್ಲ. ದವಾಖಾನೆಯಲ್ಲಾದರೋ ಎಷ್ಟು ಪರೀಕ್ಷೆ, ಯಾವ ಶಸ್ತ್ರಕ್ರಿಯೆ ಬೇಕೆಂಬದನ್ನು ಮಾರುವವರೇ ನಿರ್ಣಯಿಸುತ್ತಾರೆ. ಕೊಳ್ಳುವವನು ನೋವಿನಿಂದ ನರಳುತ್ತ ಕೈಮುಗಿದು ನಿಂತಿರುತ್ತಾನೆ. ಅಲ್ಲಿ ರೋಗಿಗಿರುವ ರಕ್ಷಣೆಯೆಂದರೆ ವೈದ್ಯನ ಸ್ವತಂತ್ರ ಬುದ್ಧಿಯೊಂದೇ. ತಿಂಗಳ ಲೆಕ್ಕವನ್ನು ಒಡೆಯರಿಗೆ ಒಪ್ಪಿಸಬೇಕಾದವನ ಬುದ್ಧಿಯು ಎಷ್ಟು ದಿನ ಸ್ವತಂತ್ರವಾಗಿದ್ದೀತು?

ಕಾಯದೆಯು ಕಾಯುವದೆಂದು ನಂಬಿ ಕೂಡ್ರುವಂತೆಯೂ ಇಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಶನ್ ಕೊಡುವದನ್ನೂ ಕೊಳ್ಳುವದನ್ನೂ 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದರೆ ಆ ನಿಯಮಗಳು ಕಟ್ಟುವದು ವೈದ್ಯನನ್ನು, ಬಂಡವಾಳದ ಒಡೆಯನನ್ನಲ್ಲ. ವಿಲೀನಗಳನ್ನು ಪರಿಶೀಲಿಸಲು ದಿಲ್ಲಿಯಲ್ಲಿ ಸ್ಪರ್ಧಾ ಆಯೋಗವಿರುವದು ನಿಜ. ಆದರೆ 2024ರ ನಿಯಮಗಳ ಮೇರೆಗೆ ಆಸ್ತಿಯು 450 ಕೋಟಿ ರೂಪಾಯಿಗಳನ್ನಾಗಲಿ ವಹಿವಾಟು 1,250 ಕೋಟಿಗಳನ್ನಾಗಲಿ ಮೀರದ ಸಂಸ್ಥೆಯನ್ನು ಕೊಳ್ಳಲು ಸಾಮಾನ್ಯವಾಗಿ ಅದರ ಅಪ್ಪಣೆ ಬೇಕಾಗಿಲ್ಲ. ನಮ್ಮ ಊರುಗಳ ದವಾಖಾನೆಗಳು ಈ ಜಾಳಿಗೆಯ ಕಣ್ಣಿನಲ್ಲಿ ನುಸುಳಿಹೋಗುವ ಚಿಕ್ಕ ಮೀನುಗಳು. ಒಂದೊಂದಾಗಿ ಎಲ್ಲವೂ ಒಬ್ಬನ ಬುಟ್ಟಿಗೆ ಬಿದ್ದ ಮೇಲೆ ಜಿಲ್ಲೆಯಲ್ಲಿ ಎರಡನೆಯ ವೈದ್ಯನ ಅಭಿಪ್ರಾಯವನ್ನು ಕೇಳಹೋಗುವದೆಲ್ಲಿಗೆ?

ಹಾಗಾದರೆ ಯಂತ್ರವೇ ಬೇಡವೆ? ಬೇಕು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಕಲಬುರಗಿಗೆ ಬಂದುದನ್ನು ನೋಡಿರಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯನ್ನು ನೆನಪಿಸುವ 371 ಹಾಸಿಗೆಗಳ ಅದರ ಹೊಸ ಕಟ್ಟಡವು 2024ರ ಡಿಸೆಂಬರದಲ್ಲಿ ತೆರೆಯಿತು. ಅದರ ವಿದ್ಯೆಯೂ ಹೊರಗಿನಿಂದಲೇ ಬಂದುದು. ಆದರೆ ಅದು ಸರಕಾರದ ಸ್ವಾಯತ್ತ ಸಂಸ್ಥೆ. ಅಲ್ಲಿ ಲೋಪವಾದರೆ ನಮ್ಮ ಪ್ರತಿನಿಧಿಗಳು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಬಹುದು. ಹೊಣೆಯು ನೆಲದ ಮೇಲೆ ನಿಲ್ಲುವದೆಂದರೆ ಇದೇ.

ಖಾಸಗಿ ವಿಲೀನವು ಅನಿವಾರ್ಯವೆನ್ನುವವರಿಗೆ ನಾವು ಮೂರು ಕರಾರುಗಳನ್ನು ಮುಂದಿಡುತ್ತೇವೆ. ಹಳೆಯ ವೈದ್ಯರ ಹೆಸರಿನ ಫಲಕದ ಕೆಳಗೆ ಹೊಸ ಒಡೆಯರ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆಯಿಸಬೇಕು. ಪರೀಕ್ಷೆ, ಶಸ್ತ್ರಕ್ರಿಯೆಗಳ ಎಣಿಕೆಯ ಮೇಲೆ ವೈದ್ಯನ ಸಂಬಳವನ್ನು ಗೊತ್ತುಪಡಿಸಬಾರದು. ಒಡೆತನ ಬದಲಾದರೆ ನಡೆಯುತ್ತಿರುವ ಚಿಕಿತ್ಸೆಯು ಮೊದಲು ಒಪ್ಪಿದ ದರದಲ್ಲಿಯೇ ಮುಗಿಯಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ನಮ್ಮ ರಾಜ್ಯದ ಕಾಯದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. 2017ರ ತಿದ್ದುಪಡಿಯು ರೋಗಿಗಳ ಹಕ್ಕುಗಳನ್ನೂ ಬರೆದಿಟ್ಟಿದೆ. ಈ ಕರಾರುಗಳನ್ನು ಅದರಲ್ಲಿ ಸೇರಿಸಬೇಕೆಂದು ಕೇಳುವದು ಸುಶಿಕ್ಷಿತ ಕುಟುಂಬಗಳ ಕರ್ತವ್ಯ. ನಮಗಾದರೆ ಹೈದರಾಬಾದಿಗೆ ಹೋಗುವ ಶಕ್ತಿಯಾದರೂ ಉಂಟು. ಅದಿಲ್ಲದ ನೆರೆಯವನ ಪರವಾಗಿ ನಾವು ಬಾಯಿ ತೆರೆಯದಿದ್ದರೆ ನಮ್ಮ ವಿದ್ಯೆಗೆ ಬೆಲೆಯೇನು?